ಇಲ್ಲದ ವರನ ವಿಚಾರ

ಸೇಡಂ
ಸೋಮವಾರ

ನನ್ನ ಪೂನಮ್,

ಈ ಕಾಗದವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಹಾಸ್ಟೆಲಿನಲ್ಲಿ ನೀನೇ ಸಹಿ ಮಾಡಿ ತೆಗೆದುಕೊಳ್ಳಬೇಕು, ಬೇರೆಯವರ ಕೈಗೆ ಹೋಗಬಾರದು ಅಂತ. ನನ್ನ ಫೋನು ನೀನು ಎತ್ತುತ್ತಿಲ್ಲ, ವಾಟ್ಸಾಪಿನಲ್ಲಿ ಬ್ಲಾಕ್ ಮಾಡಿದ್ದೀಯ. ಮಾಡು, ನಿನಗೆ ಆ ಹಕ್ಕಿದೆ. ಆದರೆ ಮಕ್ಕಳಿಗೆ ಅಕ್ಷರ ತಿದ್ದಿಸಿಯೇ ಜೀವನ ಮಾಡಿದ ನಾನು ಬರೆಯುವುದನ್ನೂ ಬಿಟ್ಟು ಸುಮ್ಮನೆ ಕೂರುತ್ತೇನೆ ಅಂದುಕೊಂಡಿದ್ದರೆ, ನಿನ್ನ ಅಪ್ಪನ ಅಕ್ಕನಾದ ಈ ಅತ್ತಿ ಎಂಥವಳು ಅಂತ ನಿನಗಿನ್ನೂ ಗೊತ್ತಾಗಿಲ್ಲ. ಸಿಟ್ಟಿದ್ದರೂ ಕೊನೆಯ ತನಕ ಓದು. ಹರಿಯುವುದಿದ್ದರೆ ಓದಿದ ಮೇಲೆ ಹರಿ.

ಮೊದಲು ಮುಖ್ಯ ಮಾತು. ನಿನಗೆ ನಾನು ಯಾವ ವರನನ್ನೂ ನೋಡಿಲ್ಲ. ಚಿತ್ತಾಪುರದ ದವಾಖಾನೆಯ ಲ್ಯಾಬಿನಲ್ಲಿ ಒಬ್ಬ ಹುಡುಗ ಇದ್ದಾನೆ, ಸರ್ಕಾರಿ ನೌಕರಿ, ಒಬ್ಬನೇ ಮಗ ಅಂತೆಲ್ಲ ವಾಡಿಯ ನಿಮ್ಮ ಮನೆಯಲ್ಲಿ ಸುದ್ದಿಯಾಯಿತಲ್ಲ, ಆ ಹುಡುಗ ಈ ಭೂಮಿಯ ಮೇಲೇ ಇಲ್ಲ. ಅವನನ್ನು ಹುಟ್ಟಿಸಿದವಳು ನಾನು, ಹೆದರಿಕೆಗೆ, ಒಂದೇ ಉಸಿರಿನಲ್ಲಿ. ಅದು ಹೇಗಾಯಿತು ಅಂತ ಹೇಳುತ್ತೇನೆ.

ಬೇಸಿಗೆಗೆ ನೀನು ಸೇಡಂಗೆ ಬಂದಾಗ ಆ ಸುಡುಬಿಸಿಲಿನಲ್ಲೂ ತುಂಬುತೋಳಿನ ಕುರ್ತಾ ಹಾಕಿಕೊಂಡು ಓಡಾಡುತ್ತಿದ್ದೆ. ಕಾಲೇಜಿನ ಫ್ಯಾಶನ್ ಏನೋ ಅಂತ ನಾನು ಕಾಡಿದ್ದೂ ಉಂಟು. ಆಮೇಲೆ ಒಂದು ದಿನ ನನ್ನ ಸೊಂಟ ಹಿಡಿದಿತ್ತು ಅಂತ ನೀನೇ ರೊಟ್ಟಿ ತಟ್ಟಲು ಕೂತೆ. ರೊಟ್ಟಿ ತಟ್ಟುವವರ ತೋಳು ಮೇಲೇರದೆ ಇರುತ್ತದೆಯೇ? ನಿನ್ನ ಕೈ ಮೇಲಿನ ಗಾಯಗಳನ್ನು ನಾನು ನೋಡಿದೆ. ನಾನು ನೋಡಿದ್ದನ್ನು ನೀನೂ ನೋಡಿದೆ. ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿ ಮನೆಯೆಲ್ಲ ಹೊಗೆಯಾದರೂ ನಾವಿಬ್ಬರೂ ಏಳಲಿಲ್ಲ.

"ಸಾಯಬೇಕಂತ ಅಲ್ಲ ಅತ್ತಿ," ಅಂದೆ ನೀನು. "ಒಳಗ ಏನೋ ಒದರಾಕತ್ತಿರ್ತದ. ಅದು ಸುಮ್ಮನಾಗಲಿ ಅಂತ ಮಾಡ್ಕೋತೀನಿ. ಅಪ್ಪಗ ಹೇಳಬ್ಯಾಡ. ಯಾಕಂತ ಕೇಳಬ್ಯಾಡ."

ನಾನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಅವತ್ತು ನಾನು ಹೇಳಿದ ಮಾತು ನಿನಗೆ ನೆನಪಿರಬೇಕು: "ಅಪ್ಪಗ ಹೇಳಲ್ಲ. ಆದ್ರ ಸುಮ್ಮನೂ ಕೂಡಲ್ಲ." ಮೊದಲಿನ ಅರ್ಧ ಮಾತು ನಿನಗೆ ಕೊಟ್ಟದ್ದು, ಉಳಿದರ್ಧ ನನಗೆ ನಾನೇ ಕೊಟ್ಟುಕೊಂಡದ್ದು. ಎರಡನ್ನೂ ನಡೆಸಿದ್ದೇನೆ.

ನಮ್ಮ ಮನೆತನದಲ್ಲಿ ಸಂಬಂಧ ಕೂಡಿಸುವ ಕೆಲಸ ನನ್ನದು. ಚಿಂಚೋಳಿಯಿಂದ ಶಹಾಬಾದ ತನಕ ಯಾರ ಮನೆಯಲ್ಲಿ ಲಗ್ನಕ್ಕೆ ಬಂದವರಿದ್ದಾರೆ ಅಂತ ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ. ಗುರುತಿಲ್ಲದವರ ಕೈಗೆ ನಮ್ಮ ಮಗುವನ್ನು ಒಪ್ಪಿಸುವ ಮೊದಲು ಏನೇನು ವಿಚಾರಿಸಬೇಕು ಅನ್ನುವುದಕ್ಕೆ ನಮ್ಮಲ್ಲಿ ಇರುವ ಪದ್ಧತಿ ಅದೊಂದೇ. ಅಕ್ಕಪಕ್ಕದವರನ್ನು ಕೇಳಬೇಕು. ಹೇಳದೆ ಒಂದು ಸಲ ಹೋಗಿ ನಿಲ್ಲಬೇಕು. ಮನೆಯವರು ಸಿಟ್ಟಿನಲ್ಲಿದ್ದಾಗ ಹೇಗೆ ಮಾತಾಡುತ್ತಾರೆ ಅಂತ ತಿಳಿಯಬೇಕು. ಮನಸ್ಸಿಗೆ ಬರಲಿಲ್ಲವೋ, ಸುಸಲಾ ತಿನ್ನದೆ, ಚಹಾ ಮುಟ್ಟದೆ ಎದ್ದುಬರಬೇಕು. ನಿನಗೆ ಡಾಕ್ಟರನ್ನು ಹುಡುಕಲು ನಾನು ಇದೇ ಪದ್ಧತಿ ಹಿಡಿದೆ. ನಗಬೇಡ. ನನಗೆ ಬರುವುದು ಇದೊಂದೇ ವಿದ್ಯೆ.

ಮೊದಲು ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರ ಇಟ್ಟಿರುವ ೧೪೪೧೬ ನಂಬರಿಗೆ ನಾನೇ ಫೋನ್ ಮಾಡಿದೆ. ಹೇಗೆ ಮಾತಾಡುತ್ತಾರೋ ನೋಡೋಣ ಅಂತ. ಮೈಸೂರು ಕಡೆಯ ಕನ್ನಡದ ಒಬ್ಬ ಹುಡುಗಿ ಎತ್ತಿಕೊಂಡಳು. ನಾನು ನಮ್ಮ ಮಾತಿನಲ್ಲೇ ಗಡಗಡ ಹೇಳಿದೆ. ಅರ್ಥವಾಗದ ಕಡೆ ನಿಲ್ಲಿಸಿ ಕೇಳಿದಳೇ ಹೊರತು ಒಂದು ಸಲವೂ ಅವಸರ ಮಾಡಲಿಲ್ಲ. ಗದರಲಿಲ್ಲ, ಉಪದೇಶ ಮಾಡಲಿಲ್ಲ. ಎದುರು ಕೂತು ಮಾತಾಡುವವರು ಬೇಕು ಅಂದಾಗ ತಾಲ್ಲೂಕು ದವಾಖಾನೆಗೆ ಮಂಗಳವಾರ ಮನಸ್ಸಿನ ಡಾಕ್ಟರು ಬರುವುದುಂಟು, ವಿಚಾರಿಸಿ ಅಂದಳು. ಸೇಡಂನಲ್ಲಿ ಶಾಲೆಯ ಟೀಚರಾದ ನನ್ನನ್ನು ಕಂಡರೆ ಊರಿನ ಮಕ್ಕಳೆಲ್ಲ "ಬಾಯಾರ, ನಮಸ್ಕಾರ್ರಿ" ಅಂತ ಓಡಿಬರುತ್ತವೆ, ಅಲ್ಲಿ ಹೋದರೆ ಗುಟ್ಟು ಉಳಿಯುವುದಿಲ್ಲ. ಚಿತ್ತಾಪುರವಾದರೆ ನಿನ್ನ ಹಾಸ್ಟೆಲಿಗೂ ಹತ್ತಿರ ಅಂದುಕೊಂಡು ಅಲ್ಲಿಗೆ ಹೋದೆ.

ಸಾಲಿನಲ್ಲಿ ಕೂತು ಇನ್ನೂ ಸೆರಗು ಸರಿ ಮಾಡಿಕೊಳ್ಳುತ್ತಿದ್ದೆ, ಎದುರಿಗೆ ಲಕ್ಷ್ಮಿ ವೈನಿ. ನಮ್ಮ ಕಾಕಾನ ದೊಡ್ಡ ಸೊಸೆ, ಅತ್ತೆಯ ಮೊಣಕಾಲು ತೋರಿಸಲು ಬಂದಿದ್ದಳು. ಅವಳ ಬಾಯಿಗೆ ಬಿದ್ದ ಸುದ್ದಿ ಗಾಡಿಗಿಂತ ಮೊದಲು ವಾಡಿ ಮುಟ್ಟುತ್ತದೆ ಅಂತ ನಿನಗೆ ನಾನು ಹೇಳಬೇಕೇ? "ಬಾಯಾರು ಇಲ್ಲಿ ಯಾಕ ಕುಂತೀರಿ? ಯಾರಿಗೆ ಏನ ಆಗ್ಯಾದ?" ಅಂದಳು. ನನ್ನ ನಾಲಿಗೆ ನನ್ನ ಕೈ ಮೀರಿ ತನ್ನ ಹಳೆಯ ದಾರಿ ಹಿಡಿಯಿತು. "ಯಾರಿಗೂ ಏನಿಲ್ಲ ವೈನಿ. ಲ್ಯಾಬಿನ್ಯಾಗ ಒಬ್ಬ ಹುಡುಗ ಅದಾನಂತ. ನಮ್ಮ ಪೂನಮ್ ಸಲುವಾಗಿ ನೋಡಿ ಹೋಗಾಮಂತ ಬಂದೆ" ಅಂದುಬಿಟ್ಟೆ. ಹೇಳಿದ ಮೇಲೆ ಅಲ್ಲಿ ಕೂರಲಾಗದೆ, ಡಾಕ್ಟರನ್ನೂ ಕಾಣದೆ ಎದ್ದುಬಂದೆ.

ಸಂಜೆಯ ಹೊತ್ತಿಗೆ ಆ ಹುಡುಗನಿಗೆ ಎತ್ತರ ಬಣ್ಣ ಎಲ್ಲ ಬಂದಿತ್ತು. ನಿನ್ನ ಅವ್ವ ಫೋನ್ ಮಾಡಿ ಅವನ ಫೋಟೊ ಕೇಳಿದಳು. ಅದರ ಹಿಂದೆಯೇ ನಿನ್ನ ಮೆಸೇಜು: "ನೀನೂ ಅವರಂಗೇ ಆದಿ ಅತ್ತಿ. ನನ್ನ ಕೈ ನೋಡಿದ ಮ್ಯಾಲೂ ಲಗ್ನ ಮಾಡಿದ್ರ ಸರಿ ಹೋಗ್ತಾಳಂತ ತಿಳ್ಕೊಂಡಿ." ಆಮೇಲೆ ನೀನಿಲ್ಲ. ನಾನು ಆ ಮೆಸೇಜು ನೋಡುತ್ತ ಕೂತೆ, ಪೂನಮ್. ನಿನಗೆ ಇದ್ದ ಒಂದು ಬಾಗಿಲನ್ನು ನಾನೇ ಮುಚ್ಚಿದ್ದೆ. ಅತ್ತು ಕಣ್ಣೊರೆಸಿಕೊಂಡು, ಡಾಕ್ಟರನ್ನು ಕಂಡುಹಿಡಿದೇ ನಿನ್ನ ಮುಂದೆ ನಿಲ್ಲುತ್ತೇನೆ, ಬರಿಗೈಯಲ್ಲಿ ಕ್ಷಮೆ ಕೇಳಲು ಬರುವುದಿಲ್ಲ ಅಂತ ತೀರ್ಮಾನಿಸಿದೆ.

ಕಲಬುರಗಿಗೆ ಹೋದೆ. ಅಲ್ಲಿ ಆಪ್ತ ಸಮಾಲೋಚಕ ಅಂತ ಬೋರ್ಡು ಹಾಕಿದ್ದ ಒಬ್ಬರು, ಹೆಸರು ಬೇಡ, ನನ್ನ ಮಾತು ಅರ್ಧ ಕೇಳಿ, "ಇವೆಲ್ಲಾ ಮೊಬೈಲ್ ಹುಚ್ಚಾಟ ಮೇಡಂ. ಜಲ್ದಿ ಲಗ್ನ ಮಾಡ್ರಿ, ತಣ್ಣಗಾಗ್ತದ" ಅಂದರು. ಅಷ್ಟರಲ್ಲಿ ಚಹಾ ಬಂತು. ನಾನು ಕಪ್ಪು ದೂರ ಸರಿಸಿ ಎದ್ದೆ. "ಯಾಕ್ರಿ, ಚಹಾ ಕುಡೀರಲ್ಲ" ಅಂದರೆ "ಒಪ್ಪಿಗಿ ಆಗ್ಲಿಲ್ರಿ" ಅಂದೆ. ಪಾಪ, ಅವರಿಗೆ ಏನೂ ತಿಳಿಯಲಿಲ್ಲ. ಇನ್ನೊಬ್ಬರು, ಕರೆದುಕೊಂಡು ಬನ್ನಿ, ಇನ್ನು ಮಾಡಿಕೊಳ್ಳುವುದಿಲ್ಲ ಅಂತ ಆಣೆ ಮಾಡಿಸಿ ಕಳಿಸುತ್ತೇನೆ ಅಂದರು. ಆಣೆ ಮಾಡಿಸಿದರೆ ಮಗು ಬಿಡುವುದಿಲ್ಲ, ಬಚ್ಚಿಡುವುದನ್ನು ಕಲಿಯುತ್ತದೆ. ಇಷ್ಟು ವರ್ಷ ಶಾಲೆಯಲ್ಲಿ ನಾನು ಮಣ್ಣು ಹೊತ್ತಿಲ್ಲ, ಅಷ್ಟು ನನಗೆ ತಿಳಿಯುತ್ತದೆ.

ಕೊನೆಗೆ ಧೈರ್ಯ ಮಾಡಿ ನಮ್ಮ ಹೆಡ್ ಮಾಸ್ತರ್ ಭೀಮಶ್ಯಾ ಸರ್ ಹತ್ತಿರ ಕೇಳಿದೆ. ನಿನ್ನ ಹೆಸರು ಹೇಳಲಿಲ್ಲ. ನಮ್ಮ ಪೈಕಿಯ ಒಬ್ಬ ಹುಡುಗಿ ತನಗೆ ತಾನೇ ಗಾಯ ಮಾಡಿಕೊಳ್ಳುತ್ತಾಳೆ, ಯಾರ ಹತ್ತಿರ ಹೋಗಬೇಕು ಅಂದೆ. ಸರ್ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. "ಬಾಯಾರ, ಯಾರ ಮುಂದೂ ಹೇಳಬ್ಯಾಡ್ರಿ. ನಮ್ಮ ತಮ್ಮಗ ಶಹಾಬಾದದಾಗ ಫಿರ್ದೋಸ್ ಮೇಡಂ ಹತ್ರ ತೋರಸಾಕತ್ತೀವಿ. ಈಗ ಅವ ಊಟ ಮಾಡ್ತಾನ, ನಗ್ತಾನ" ಅಂದರು. ಒಂದೇ ಕೋಣೆಯಲ್ಲಿ ಕೂತು ಹಾಜರಿ ಹಾಕುವ ನಾವು ಒಬ್ಬರ ಮನೆಯದು ಒಬ್ಬರಿಗೆ ತಿಳಿಯದಂತೆ ಎಷ್ಟು ಚೆನ್ನಾಗಿ ಬದುಕಿದ್ದೆವು ನೋಡು.

ಸರ್ ಹೇಳಿದರು ಅಂತ ನಾನು ಒಪ್ಪುವವಳೇ? ಫಿರ್ದೋಸರ ತವರು ಚಿಂಚೋಳಿ ಪಕ್ಕದ ಚಂದಾಪುರ ಅಂತ ತಿಳಿದು ಅಲ್ಲಿಗೇ ಹೋದೆ. ಬಜಾರಿನಲ್ಲಿ ಜಂಪರ್ ಹೊಲಿಯಲು ಕೊಡುವ ನೆಪದಲ್ಲಿ ಟೇಲರನ್ನು ಮಾತಿಗೆಳೆದೆ. ಆ ಹುಡುಗಿಯ ಸ್ವಭಾವ ಹೇಗೆ, ಬೇರೆಯವರ ಮನೆಯ ಮಾತು ಹೊರಗೆ ಆಡುತ್ತಾಳೆಯೇ ಅಂತ ಕೇಳಿದೆ. "ಆ ಹುಡುಗಿ ಹೊಟ್ಟ್ಯಾಗ ಹಾಕ್ಕೊಂಡಿದ್ದು ಹೊರಗ ಬರಲ್ಲರಿ. ಆಕಿ ಅವ್ವನೇ ಬೈತಾಳ, ನಮ್ಮ ಮುಂದೂ ಏನೂ ಹೇಳಲ್ಲಂತ" ಅಂದ. ಅಲ್ಲಿಗೇ ನನ್ನ ಮನಸ್ಸು ಅರ್ಧ ಒಪ್ಪಿತು. ಜಂಪರ್ ಮಾತ್ರ ಹಾಳು ಮಾಡಿ ಇಟ್ಟಿದ್ದಾನೆ, ಆ ಮಾತು ಬೇರೆ.

ಇನ್ನು ಶಹಾಬಾದಿನ ವಿಷಯ. ಸ್ಟೇಷನ್ನಿಗೆ ಹತ್ತಿರ, ಒಂದು ಮೆಡಿಕಲ್ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲ ಮೇಲೆಲ್ಲ ಕಲ್ಲಿನ ಪುಡಿ. ಕೆಳಗಿನ ಬೋರ್ಡಿನಲ್ಲಿ ಮೆಡಿಕಲಿನ ಹೆಸರು ಅಷ್ಟೇ ಇದೆ, ಮೇಲೆ ಹೋಗುವವರು ಎಲ್ಲಿಗೆ ಹೋಗುತ್ತಾರೆ ಅಂತ ಯಾರಿಗೂ ತಿಳಿಯುವುದಿಲ್ಲ. ಒಳಗೆ ಎರಡು ಕುರ್ಚಿ, ಒಂದು ಕಿಟಕಿ, ಗಟ್ಟಿಯಾದ ಬಾಗಿಲು. ಫಿರ್ದೋಸ್ ಮೂವತ್ತು ದಾಟಿದವರು, ಕನ್ನಡಕ ಹಾಕುತ್ತಾರೆ, ನಮ್ಮ ಹಾಗೆಯೇ ಮಾತಾಡುತ್ತಾರೆ. ನಾನು ಕೂರುವ ಮೊದಲೇ ಹೇಳಿದೆ, "ನೀವು ಒಳಗ ಮಾತಾಡ್ರಿ, ನಾ ಹೊರಗ ಬಾಗಲಕ್ಕ ಕಿವಿ ಕೊಟ್ಟ ಕುಂದ್ರತೀನಿ. ಕೇಳಸ್ತದೇನ ನೋಡ್ತೀನಿ." ಅವರು "ಆಯ್ತು ಬಾಯಾರ" ಅಂದರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಕಿವಿ ಹಚ್ಚಿದೆ. ಏನೂ ಕೇಳಿಸಲಿಲ್ಲ. ಏನು ಹೇಳಿದಿರಿ ಅಂತ ಆಮೇಲೆ ಕೇಳಿದರೆ ಹದಿಮೂರರ ಮಗ್ಗಿ ಹೇಳಿದೆ ಅಂದರು.

ಆಮೇಲೆ ನನ್ನ ಪರೀಕ್ಷೆ ಶುರುವಾಯಿತು. ಎಲ್ಲಿ ಕಲಿತಿರಿ, ಏನು ಪದವಿ, ಇಂಥ ಮಕ್ಕಳನ್ನು ನೋಡಿದ್ದೀರಾ, ಬೈಯುತ್ತೀರಾ, ಅಳುವವರು ಅತ್ತರೆ ಏನು ಮಾಡುತ್ತೀರಿ, ಎಲ್ಲ ಕೇಳಿದೆ. ಎಲ್ಲಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟರು. ಯಾಕೆ ಹೀಗೆ ಮಾಡಿಕೊಳ್ಳುತ್ತಾಳೆ ಅಂದಾಗ, "ಅದು ಆಕಿಗೇ ಗೊತ್ತರಿ, ಆಕಿ ಹೇಳಿದ್ರ ನನಗೂ ಗೊತ್ತಾಗ್ತದ. ಆದ್ರ ಆಕಿ ಕೆಟ್ಟಾಕಿ ಅಲ್ಲ. ನೋವು ತಡಕೊಳ್ಳಾಕ ಆಕಿಗೆ ಸಿಕ್ಕಿದ್ದು ಆ ದಾರಿ ಅದ. ಬ್ಯಾರೆ ದಾರಿ ಆಕಿ ಜೋಡಿ ಕುಂತು ಹುಡುಕಬೇಕು. ಟೈಮ್ ಹಿಡೀತದ. ಒಂದ ಸಲಕ್ಕ ಆರಾಮ ಆಗ್ತದಂತ ನಾ ಸುಳ್ಳ ಹೇಳಲ್ಲ" ಅಂದರು. ಗುಳಿಗೆ ಬೇಕಾದರೆ ಡಾಕ್ಟರ ಹತ್ತಿರ ಕಳಿಸುತ್ತಾರಂತೆ, ಮಾತು ಮಾತ್ರ ತಮ್ಮದಂತೆ. ಮನೆಯವರಿಗೆ ಹೇಳುತ್ತೀರಾ ಅಂದೆ. "ಆಕಿ ವಯಸ್ಸಿಗೆ ಬಂದಾಕಿ. ಆಕಿ ಹೂಂ ಅನ್ನದ ನಾ ಯಾರಿಗೂ ಹೇಳಲ್ಲ. ಜೀವಕ್ಕ ಅಪಾಯ ಅದ ಅನಿಸಿದ್ರ ಮಾತ್ರ ಸುಮ್ಮನಿರಲ್ಲ. ಅದನ್ನೂ ಆಕಿಗೆ ಮೊದಲ ಹೇಳೇ ಮಾಡ್ತೀನಿ."

ಪೂನಮ್, ನಾನು ಅಲ್ಲಿ ಚಹಾ ಕುಡಿದೆ. ಇನ್ನೊಂದು ಕಪ್ಪು ಕೇಳಿ ಕುಡಿದೆ.

ಆಗ ಫಿರ್ದೋಸ್ ನಕ್ಕರು. "ನೀವು ನನ್ನ ಪಾಸ್ ಮಾಡಿದ್ರಿ ಬಾಯಾರ, ಭಾಳ ಖುಷಿ ಆಯ್ತು. ಆದ್ರ ಒಪ್ಪಬೇಕಾದಾಕಿ ನೀವಲ್ಲ. ಆಕಿ ಬಂದು ನನ್ನ ನೋಡ್ಲಿ. ಮನಸ್ಸಿಗೆ ಬರಲಿಲ್ಲಂದ್ರ ಬ್ಯಾರೆದಾವ್ರ ಹೆಸರು ನಾನೇ ಕೊಡ್ತೀನಿ, ಸಿಟ್ಟ ಮಾಡ್ಕೊಳ್ಳಲ್ಲ" ಅಂದರು.

ಅದನ್ನು ಕೇಳಿ ನನಗೆ ಕುಂಚಾವರಂ ಕಡೆಯ ಆ ಮನೆ ನೆನಪಾಯಿತು. ನೀನು ಎರಡನೇ ಇಯತ್ತೆಯಲ್ಲಿದ್ದೆ, ಒಂದು ಹುಡುಗನ ಮನೆ ನೋಡಲು ನಿನ್ನನ್ನೂ ಕರೆದುಕೊಂಡು ಹೋಗಿದ್ದೆ. ತೆಲುಗು ಮಾತಾಡುವ ದೊಡ್ಡ ಮನೆ, ಹೊಲ, ಟ್ರ್ಯಾಕ್ಟರ್, ನಮಗೆಲ್ಲ ಬಾಯಲ್ಲಿ ನೀರು. ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕೂತು ನೀನು ಹೇಳಿದೆ, "ಅತ್ತಿ, ಆ ಮನಿ ಸೊಸಿ ನೀರು ಕೊಡುವಾಗ ಆಕಿ ಕೈ ನಡಗಾಕತ್ತಿತ್ತು." ಹಿರಿಯರೆಂಬ ನಮಗೆ ಯಾರಿಗೂ ಕಂಡಿರಲಿಲ್ಲ. ನಾನು ಆ ಸಂಬಂಧ ಬಿಡಿಸಿದೆ. ಇಷ್ಟು ಕಾಣುವ ಕಣ್ಣಿದ್ದವರಿಗೆ ಲೋಕ ಬೇರೆಯವರಿಗಿಂತ ಹೆಚ್ಚು ನೋಯಿಸುತ್ತದೆ, ಅದು ನನಗೆ ಆಗಲೇ ತಿಳಿಯಬೇಕಿತ್ತು. ಅದೇ ಕಣ್ಣಿನಿಂದ ಈಗ ಫಿರ್ದೋಸರನ್ನು ನೋಡು. ನಿನಗೆ ಏನಾದರೂ ಸರಿ ಕಾಣದಿದ್ದರೆ ನನ್ನ ಎರಡು ಕಪ್ಪು ಚಹಾಕ್ಕೆ ಬೆಲೆಯಿಲ್ಲ.

ಹೊರಡುವಾಗ ಲ್ಯಾಬಿನ ಹುಡುಗನ ಕತೆಯನ್ನೂ ಹೇಳಿದೆ, ನಗುತ್ತಾರೆ ಅಂತ. ಅವರು ನಗಲಿಲ್ಲ. "ಆಕಿ ನಂಬಿಕಿ ಹೋಗಿದ್ದು ಅಲ್ಲೇ. ಮೊದಲ ಹೋಗಿ ಆ ಸುಳ್ಳ ತಗೀರಿ" ಅಂದರು. ಅಲ್ಲಿಂದ ನೆಟ್ಟಗೆ ವಾಡಿಗೆ ಬಂದೆ.

ನಿಮ್ಮ ಮನೆಯಲ್ಲಿ ಹೊಸ ಚಾದರ ಹಾಸಿತ್ತು. ನಿನ್ನ ಅಪ್ಪ ಡ್ಯೂಟಿ ಮುಗಿಸಿ ಬಂದು ಬುದ್ಧನ ಪಟದ ಕೆಳಗೆ ಕೂತಿದ್ದ. "ಅಕ್ಕಾ, ಹುಡುಗನ ಕಡ್ಯಾವ್ರು ಯಾವಾಗ ಬರ್ತಾರ?" ಅಂದ. "ಯಾವ ಹುಡುಗನೂ ಇಲ್ಲ ಸುರೇಶಾ. ಲಕ್ಷ್ಮಿ ಮುಂದ ಸುಳ್ಳ ಹೇಳಿದೆ. ಪೂನಮ್ ಓದಲಿ. ಲಗ್ನದ ಮಾತು ಆಕೀನೇ ತಗಿಯೋ ತನಕ ಈ ಮನ್ಯಾಗ ಯಾರೂ ತಗೀಬಾರದು" ಅಂದೆ. "ಮತ್ತ ದವಾಖಾನಿಗೆ ಯಾಕ ಹೋಗಿದ್ದಿ?" ಅಂದ.

ನಿನ್ನ ಹೆಸರು ತುಟಿಯ ತನಕ ಬಂದಿತ್ತು. ನಿನಗೆ ಕೊಟ್ಟ ಮಾತು ಒಂದು ಕಡೆ, ಎದುರಿಗೆ ನನ್ನ ಬೆನ್ನಿಗೆ ಹುಟ್ಟಿದ ತಮ್ಮ. "ನನ್ನ ಸಲುವಾಗಿ ಹೋಗಿದ್ದೆ," ಅಂದೆ. "ಮನಸ್ಸಿನ ಡಾಕ್ಟರ್ ಹತ್ರ. ನನಗ ಆರಾಮಿಲ್ಲ."

ನಿನ್ನ ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ನಿನ್ನ ಅಪ್ಪ ಏನು ಮಾಡಿದ ಗೊತ್ತೇ? ನನ್ನ ಪಕ್ಕಕ್ಕೆ ಬಂದು ಕೂತು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಸಿಮೆಂಟಿನ ಧೂಳಿಗೆ ಬಿರಿದ ಕೈ. "ಇದನ್ನ ಹೇಳಾಕ ಇಷ್ಟ ದಿನಾ ಯಾಕ ತಗೊಂಡಿ ಅಕ್ಕಾ? ನಾವೇನ ಸತ್ತಿದ್ದೇವೇನು?" ಅಂದ. "ಒಬ್ಬಾಕೀನೇ ಅಡ್ಡಾಡಬ್ಯಾಡ. ಪೂನಮ್ ಚಿತ್ತಾಪುರದಾಗೇ ಇದ್ದಾಳಲ್ಲ, ಆಕಿನ್ನ ಜೋಡಿ ಕರ್ಕೊಂಡ ಹೋಗು. ನಾ ಆಕಿಗೆ ಹೇಳ್ತೀನಿ."

ಅವನು ನಗಲಿಲ್ಲ ಪೂನಮ್. ಬೈಯಲಿಲ್ಲ, ನಾಲ್ಕು ಮಂದಿ ಏನಂದಾರು ಅಂತಲೂ ಅನ್ನಲಿಲ್ಲ. ಇಂಥ ಮಾತನ್ನು ನಿನ್ನ ಅಪ್ಪ ಹೇಗೆ ಕೇಳುತ್ತಾನೆ ಅಂತ ನಾನು ಕಣ್ಣಾರೆ ಕಂಡು ಬಂದಿದ್ದೇನೆ. ಎಂದು ಹೇಳಬೇಕು, ಹೇಳಬೇಕೋ ಬೇಡವೋ ಅನ್ನುವುದು ನಿನಗೆ ಬಿಟ್ಟದ್ದು.

ಹಾಗಾಗಿ ಈಗ ಊರೆಲ್ಲ ತಿಳಿದಿರುವುದು ಹೀಗೆ: ಅನಸುಬಾಯಿಗೆ ತಲೆ ಸರಿಯಿಲ್ಲ, ಪಾಪ ತಮ್ಮನ ಮಗಳು ಪೂನಮ್ ಜೊತೆಗೆ ಹೋಗುತ್ತಾಳೆ. ಲಕ್ಷ್ಮಿ ವೈನಿ ಈಗ ನನ್ನ ಜೊತೆ ಮಾತಾಡುವಾಗ ಒಂದೊಂದೇ ಶಬ್ದ ಬಿಡಿಸಿ ಜೋರಾಗಿ ಹೇಳುತ್ತಾಳೆ, ನನಗೆ ಕಿವಿ ಹೋದ ಹಾಗೆ. ನಾನು ಕೂಡಿಸುತ್ತಿದ್ದ ಒಂದು ಸಂಬಂಧವನ್ನು ಸದ್ದಿಲ್ಲದೆ ಬೇರೆಯವರ ಕೈಗೆ ಕೊಟ್ಟರು. ಮೊದಲ ದಿನ ಚುರುಕ್ ಅಂದಿತು, ಸುಳ್ಳು ಹೇಳಲಾರೆ. ಎರಡನೆಯ ದಿನ ಬಿಟ್ಟುಬಿಟ್ಟೆ. ಬೇಕಾದವರು ಹುಡುಕಿಕೊಂಡು ಬರುತ್ತಾರೆ. ಬರದಿದ್ದರೆ ಲಗ್ನದ ಊಟಗಳು ನನಗೆ ಬೇಕಾದಷ್ಟಾಗಿವೆ.

ಇನ್ನೊಂದು ಮಾತು. "ನನಗ ಆರಾಮಿಲ್ಲ" ಅಂತ ತಮ್ಮನ ಮುಂದೆ ಅಂದೆನಲ್ಲ, ಅಂದ ಮೇಲೆ ಗೊತ್ತಾಯಿತು, ಅದರಲ್ಲಿ ಖರೆಯೂ ಇತ್ತು ಅಂತ. ನಿನ್ನ ಮಾವ ಧರ್ಮಣ್ಣ ತೀರಿಕೊಂಡ ಮೇಲೆ ಮನೆಗೆ ಬಂದವರಿಗೆಲ್ಲ ನಾನೇ ಧೈರ್ಯ ಹೇಳಿ ಕಳಿಸಿದೆ. ಆಮೇಲಿಂದ ಮನೆಯಲ್ಲಿ ಟೀವಿ ಹಚ್ಚಿಟ್ಟೇ ಇರುತ್ತೇನೆ, ನೋಡುವುದಿಲ್ಲ. ಇದನ್ನು ಯಾರ ಮುಂದಾದರೂ ಹೇಳಬೇಕು. ಫಿರ್ದೋಸ್ ಹತ್ತಿರ ಈ ಶನಿವಾರಕ್ಕೆ ನಿನ್ನ ಸರದಿಯ ಜೊತೆಗೆ ನನ್ನ ಹೆಸರನ್ನೂ ಬರೆಸಿದ್ದೇನೆ.

ಶನಿವಾರದ ತನಕದ ಮಾತು ಕೇಳು. ನಾನು ನಿನ್ನ ತೋಳು ನೋಡುವುದಿಲ್ಲ, ತೋರಿಸು ಅನ್ನುವುದಿಲ್ಲ, ಆಣೆ ಕೇಳುವುದಿಲ್ಲ. ಒಳಗಿನದು ಒದರಲು ಶುರು ಮಾಡಿದಾಗ ಒಬ್ಬಳೇ ಕೋಣೆಯಲ್ಲಿ ಇರಬೇಡ. ನಿನ್ನ ರೂಮಿನ ಅತೀಯಾಳ ಪಕ್ಕಕ್ಕೆ ಹೋಗಿ ಕೂಡು, ಕಾರಣ ಹೇಳಬೇಕಾಗಿಲ್ಲ. ಆ ೧೪೪೧೬ ಹಗಲು ರಾತ್ರಿ ಎನ್ನದೆ ಎತ್ತುತ್ತಾರೆ. ನನ್ನ ಮೇಲೆ ಸಿಟ್ಟಿದ್ದರೆ ಅವರಿಗೆ ಮಾಡು, ಅವರ ಮುಂದೆ ನನ್ನನ್ನು ಬೈ. ಸಿಟ್ಟು ಇಳಿದಿದ್ದರೆ ನನಗೆ ಮಾಡು. ಏನೂ ಮಾತಾಡದೆ ಹಾಗೇ ಹಿಡಿದುಕೊಂಡು ಕೂತರೂ ನಾನು ಫೋನ್ ಇಡುವುದಿಲ್ಲ.

ಶನಿವಾರ ನಮ್ಮದು ಬೆಳಗಿನ ಶಾಲೆ. ಬಿಟ್ಟ ಮೇಲೆ ವಾಡಿ ಕಡೆಯ ಮಧ್ಯಾಹ್ನದ ಗಾಡಿ ಹತ್ತುತ್ತೇನೆ. ಚಿತ್ತಾಪುರ ಸ್ಟೇಷನ್ನಿನಲ್ಲಿ ಡಬ್ಬಿಯ ಬಾಗಿಲಲ್ಲಿ ನಿಂತಿರುತ್ತೇನೆ. ಕೂಗುವುದಿಲ್ಲ, ಇಳಿದು ಬಂದು ಕೈ ಹಿಡಿದು ಎಳೆಯುವುದಿಲ್ಲ. ನೀನು ಬಂದರೆ ಸರಿದು ಜಾಗ ಕೊಡುತ್ತೇನೆ. ಶಹಾಬಾದ ತನಕ ನಾವು ಏನೂ ಮಾತಾಡಬೇಕಾಗಿಲ್ಲ. ನೀನು ಒಳಗೆ ಹೋದಾಗ ನಾನು ಮೆಟ್ಟಿಲ ಮೇಲೂ ಕೂರುವುದಿಲ್ಲ, ಕೆಳಗೆ ಮೆಡಿಕಲಿನ ಮುಂದೆ ಇರುತ್ತೇನೆ.

ನೀನು ಬರದಿದ್ದರೆ ನಾನೊಬ್ಬಳೇ ಹೋಗುತ್ತೇನೆ. ನನ್ನ ಸರದಿಯಲ್ಲಿ ನನ್ನ ಮಾತು ಹೇಳಿ, ನಿನ್ನ ಸರದಿಯಷ್ಟು ಹೊತ್ತು ಸುಮ್ಮನೆ ಕೂತು ಬರುತ್ತೇನೆ. ಆ ಹೊತ್ತನ್ನು ಬೇರೆ ಯಾರಿಗೂ ಕೊಡಬೇಡಿ ಅಂತ ಫಿರ್ದೋಸರಿಗೆ ಹೇಳಿಯಾಗಿದೆ. ಮುಂದಿನ ಶನಿವಾರ ಮತ್ತೆ ಅದೇ ಗಾಡಿ, ಅದರ ಮುಂದಿನ ಶನಿವಾರವೂ ಅದೇ ಗಾಡಿ. ನನ್ನನ್ನು ನೋಡಿ ನೋಡಿ ನಿನಗೆ ಬೇಸರ ಬರಬಹುದು, ನನಗೆ ಬರುವುದಿಲ್ಲ.

ನಿನ್ನ ಜೀವ ನಿನಗೆ ಹಗುರಾಗಲಿ ಮಗಳೇ. ಜೈಭೀಮ್.

ಬಾಗಿಲಲ್ಲಿ ನಿಂತಿರುವ
ನಿನ್ನ ಅತ್ತಿ
ಅನಸುಬಾಯಿ